ಹಿಮದಲ್ಲಿ ಬದುಕುಳಿದವರ ಸಿನಿಮಾ: ಮಕ್ಕಳ ಜೊತೆ ನೋಡಬಹುದಾ?

ನಮ್ಮ ಕಥೋಲಿಕ ಚರ್ಚಿನ ಧರ್ಮಕೇಂದ್ರದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಹಾಗಾಗಿ ಅಪ್ಪ-ಅಮ್ಮಂದಿರು ಸಿನಿಮಾಗಳ ಬಗ್ಗೆಯೂ ನನ್ನನ್ನೇ ಕೇಳುತ್ತಾರೆ. ‘ಸೊಸೈಟಿ ಆಫ್ ದಿ ಸ್ನೋ’ (2023) ಬಗ್ಗೆ ಕೇಳಿದಾಗ, ಮೊದಲು ಒಬ್ಬಳೇ ಕೂತು ಪೂರ್ತಿ ನೋಡಿದೆ.

ಇದು ನಡೆದ ಕಥೆ. 1972ರ ಅಕ್ಟೋಬರ್ 13ರಂದು ಉರುಗ್ವೆಯ ವಿಮಾನವೊಂದು ಆಂಡೀಸ್ ಪರ್ವತದಲ್ಲಿ ಬಿತ್ತು. ಅದರಲ್ಲಿದ್ದ 45 ಜನರಲ್ಲಿ, 72 ದಿನಗಳ ನಂತರ ಉಳಿದವರು 16 ಮಂದಿ. ಕಥೋಲಿಕ ಶಾಲೆಯಲ್ಲಿ ಓದಿದ ರಗ್ಬಿ ಆಟಗಾರರು ಅವರಲ್ಲಿದ್ದರು. ತಿನ್ನಲು ಏನೂ ಸಿಗದೆ ಅವರು ಸತ್ತವರ ಮಾಂಸ ತಿಂದು ಜೀವ ಉಳಿಸಿಕೊಂಡರು.

ಎಲ್ಲರೂ ಹೆದರುವುದು ಇಲ್ಲೇ, ಅಲ್ವಾ? ಆದರೆ ನಾನು ನೋಡುವುದು ಬೇರೆ. ಸತ್ತವರನ್ನು ಸಿನಿಮಾ ಮನುಷ್ಯರಂತೆ ಕಾಣುತ್ತದೋ, ಬರೀ ಭಯ ಹುಟ್ಟಿಸಲು ಬಳಸುತ್ತದೋ? ಇಲ್ಲಿ ಪ್ರತಿಯೊಬ್ಬರು ಸತ್ತಾಗಲೂ ಅವರ ಹೆಸರು, ವಯಸ್ಸು ತೆರೆಯ ಮೇಲೆ ಬರುತ್ತದೆ. ಮಾಂಸ ಕತ್ತರಿಸುವ ಕೆಲಸ ಉಳಿದವರ ಕಣ್ಣಿಗೆ ಬೀಳದ ಕಡೆ ನಡೆಯುತ್ತದೆ. ‘ನಾನು ಸತ್ತರೆ ನನ್ನ ದೇಹ ನಿಮಗೆ’ ಅಂತ ಗೆಳೆಯರು ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ. ಅವರು ಮಾಡಿದ್ದು ಪಾಪ ಅಂತ ಧರ್ಮಸಭೆಯೂ ಹೇಳಲಿಲ್ಲ. ಅವರು ಯಾರನ್ನೂ ಕೊಂದಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಆದರೆ ಬದುಕಿ ಬಂದವರು ಇದನ್ನು ಪರಮಪ್ರಸಾದಕ್ಕೆ, ಅಂದರೆ ಚರ್ಚಿನ ಪೂಜೆಯಲ್ಲಿ ಕ್ರಿಸ್ತರ ದೇಹವೆಂದು ಸ್ವೀಕರಿಸುವ ರೊಟ್ಟಿಗೆ, ಹೋಲಿಸಿದ್ದುಂಟು. ಅದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಪರಮಪ್ರಸಾದದಲ್ಲಿ ನಾವು ಸ್ವೀಕರಿಸುವುದು ಪುನರುತ್ಥಾನರಾದ, ಜೀವಂತ ಕ್ರಿಸ್ತರನ್ನು. ಎರಡೂ ಒಂದೇ ಅಲ್ಲ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇನ್ನೊಂದು ದೃಶ್ಯ. ಗಾಯಗೊಂಡ ಅರ್ತುರೊ, ಮನೆಯಲ್ಲಿ ನಂಬಿದ್ದ ದೇವರು ಈ ಬೆಟ್ಟದಲ್ಲಿ ತನಗೆ ದಾರಿ ತೋರಿಸುತ್ತಿಲ್ಲ ಅನ್ನುತ್ತಾನೆ. ತನ್ನ ಗಾಯ ಕಟ್ಟುವ ಗೆಳೆಯನಲ್ಲಿ, ಎಲ್ಲರಿಗಾಗಿ ನಡೆಯುವ ಗೆಳೆಯನ ಕಾಲುಗಳಲ್ಲಿ ಇರುವ ದೇವರನ್ನೇ ನಂಬುತ್ತೇನೆ ಅನ್ನುತ್ತಾನೆ. ಸಿನಿಮಾವನ್ನು ಅಲ್ಲೇ ನಿಲ್ಲಿಸಿ. ‘ಇದು ದೇವರನ್ನು ಬಿಟ್ಟ ಮಾತಾ, ಹುಡುಕುವ ಮಾತಾ?’ ಅಂತ ಮಕ್ಕಳನ್ನು ಕೇಳಿ. ಹದಿಹರೆಯದವರ ಮನಸ್ಸಲ್ಲಿ ಇಂಥ ಪ್ರಶ್ನೆಗಳು ಮೊದಲೇ ಇರುತ್ತವೆ. ಬೈದು ಬಾಯಿ ಮುಚ್ಚಿಸಿದರೆ ನಮ್ಮ ಹತ್ತಿರ ಮತ್ತೆ ಕೇಳುವುದಿಲ್ಲ. ಸಿನಿಮಾದಲ್ಲಿ ಕಥೆ ಹೇಳುವ ನೂಮಾ ಸಾಯುವಾಗ ಅವನ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿರುವುದು ಗೆಳೆಯರಿಗಾಗಿ ಪ್ರಾಣ ಕೊಡುವ ಪ್ರೀತಿಯ ಮಾತು, ಯೊವಾನ್ನನ ಶುಭಸಂದೇಶ 15:13. ಮನೆಯಲ್ಲಿ ಬೈಬಲ್ ತೆರೆದು ಆ ಭಾಗವನ್ನು ಒಟ್ಟಿಗೆ ಓದಿ.

ವಯಸ್ಸಿನ ವಿಷಯ. ವಿಮಾನ ಮುರಿಯುವ ದೃಶ್ಯ ತುಂಬಾ ಘೋರ. ಸೀಟುಗಳು ಕಿತ್ತು ಮುಂದಕ್ಕೆ ನುಗ್ಗುತ್ತವೆ, ಜನರ ಕಾಲು ಮುರಿಯುತ್ತದೆ. ಕೊನೆಯಲ್ಲಿ ಸ್ನಾನದ ದೃಶ್ಯದಲ್ಲಿ ಸ್ವಲ್ಪ ನಗ್ನತೆಯೂ ಇದೆ, ಆದರೆ ಅದರಲ್ಲಿ ಅಶ್ಲೀಲ ಅನ್ನುವಂಥದ್ದೇನೂ ಇಲ್ಲ. ಹದಿನಾರು ದಾಟಿದವರು ಅಪ್ಪ-ಅಮ್ಮನ ಜೊತೆ ನೋಡಲಿ ಅಂದೆ. ಚಿಕ್ಕ ಮಕ್ಕಳಿಗೆ ಸಿನಿಮಾ ಬೇಡ, ಸಹಾಯ ಹುಡುಕಿ ಹಿಮದಲ್ಲಿ ಹತ್ತು ದಿನ ನಡೆದ ಇಬ್ಬರ ಕಥೆಯನ್ನು ಬಾಯಲ್ಲೇ ಹೇಳಿ. ಮನೆಯಲ್ಲಿ ಈಚೆಗೆ ಸಾವು ಆಗಿದ್ದರೆ, ದೊಡ್ಡವರೂ ಸದ್ಯಕ್ಕೆ ನೋಡುವುದು ಬೇಡ.