ಸಿಗ್ನಲ್ ಇಲ್ಲದ ಮನೆಯಿಂದ ದುಬೈಗೆ ಮಾತು

ಇಂಟರ್‌ನೆಟ್ ಕಾಲ್ ಮಾಡಿದರೆ ದುಡ್ಡು ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ಯಾರ ಜೊತೆ ಮಾತಾಡುವಾಗ ಉಳಿಯುತ್ತೆ, ಯಾವಾಗ ಉಳಿಯೋದಿಲ್ಲ ಅಂತ ಬಿಡಿಸಿ ಹೇಳೋರು ಕಡಿಮೆ. ನಮ್ಮ ಮನೆ ಇರೋದು ಕಳಸದಿಂದ ಹೊರನಾಡಿಗೆ ಹೋಗೋ ರಸ್ತೆ ಬಿಟ್ಟು ಒಳಗೆ, ಗುಡ್ಡದ ಬುಡದಲ್ಲಿ. ಕೆಳಗೆ ಅಡಿಕೆ ತೋಟ, ಮೇಲೆ ಒಂದಿಷ್ಟು ಕಾಫಿ. ಅಂಗಳದಲ್ಲಿ ನಿಂತರೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್, ಜಗುಲಿ ಹತ್ತಿದರೆ ಅದೂ ಇಲ್ಲ. ಮಗಳು ದುಬೈಯಲ್ಲಿ ನರ್ಸ್. ಮೈದುನನ ಸಂಸಾರ ಬೆಂಗಳೂರಲ್ಲಿ. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ, ತೋಟದ ಲೈನಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ, ಅಸ್ಸಾಮಿನಿಂದ ಬಂದ ಎರಡು ಕುಟುಂಬ. ಇಷ್ಟು ಜನರ ಮಾತುಕತೆ ಕಡಿಮೆ ಖರ್ಚಿನಲ್ಲಿ ನಡೆಯೋ ಹಾಗೆ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ಮಾಡಿಕೊಂಡೆ ಅನ್ನೋದನ್ನ ಬರೀತೀನಿ, ನಮ್ಮ ಹಾಗೆ ಒಳಗಡೆ ಇರೋರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ದೇಶದೊಳಗಿನ ಮಾತು. ಎಸ್‌ಟಿಡಿ ಬೂತಿನ ಕಾಲದಲ್ಲಿ ರಾತ್ರಿ ದರ ಇಳಿಯೋ ತನಕ ಕಾದು, ಕಳಸ ಪೇಟೆಯ ಬೂತಲ್ಲಿ ಕೆಂಪು ಅಂಕಿ ಓಡೋದನ್ನ ನೋಡ್ತಾ ಅರ್ಧ ಮಾತು ನುಂಗಿಕೊಂಡು ಬಂದೋರು ನಾವು. ಆ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಆದರೆ ಈಗ ರೀಚಾರ್ಜ್ ಪ್ಯಾಕಲ್ಲೇ ದೇಶದೊಳಗಿನ ಕಾಲ್ ಎಲ್ಲಾ ಸೇರಿರುತ್ತೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಕಾಲ್ ಹೋದರೆ ಅವರವರ ನಡುವೆ ನಿಮಿಷಕ್ಕೆ 6 ಪೈಸೆ ಕೊಡಬೇಕಿದ್ದ ಲೆಕ್ಕವೂ 2021ರ ಜನವರಿ 1ಕ್ಕೆ ಮುಗಿಯಿತು. ಹಾಗಾಗಿ ಬೆಂಗಳೂರಿಗೆ ಮಾತಾಡೋಕೆ ವಾಟ್ಸಾಪ್ ಕಾಲ್ ಮಾಡಿದರೆ ಒಂದು ಪೈಸೆಯೂ ಉಳಿಯೋದಿಲ್ಲ. ಉಳಿತಾಯ ಇರೋದು ರೀಚಾರ್ಜ್ ಆರಿಸೋದರಲ್ಲಿ. 2024ರ ಡಿಸೆಂಬರಲ್ಲಿ ಫೋನ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್ ಒಂದು ನಿಯಮ ತಂತು: ಡೇಟಾ ಬೇಡದವರಿಗೆ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರೋ ಪ್ಯಾಕನ್ನೂ ಕಂಪನಿಗಳು ಕೊಡಬೇಕು, ಅಂಥ ಪ್ಯಾಕಿನ ಅವಧಿ 365 ದಿನದ ತನಕ ಇರಬಹುದು ಅಂತ. ಮನೆಯಲ್ಲಿ ವೈಫೈ ಇದ್ದ ಮೇಲೆ ಅತ್ತೆಯ ಸಿಮ್ಮಿಗೆ ದಿನಕ್ಕೆ ಒಂದೂವರೆ ಜಿಬಿ ಯಾಕೆ? ಅವರ ಸಿಮ್ಮಿಗೂ ನನ್ನ ಯಜಮಾನರ ಬಟನ್ ಫೋನಿಗೂ ಮಾತಿನ ಪ್ಯಾಕ್ ಹಾಕಿಸಿದೆ. ಅಂಗಡಿಯಲ್ಲಿ ಇದನ್ನ ತಾವಾಗಿ ಹೇಳೋದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು.

ಸಿಗ್ನಲ್ಲೇ ಇಲ್ಲದ ಕಡೆ ಆ ಪ್ಯಾಕ್ ಇಟ್ಟುಕೊಂಡು ಏನು ಮಾಡೋದು ಅಂತ ಕೇಳಬಹುದು. ಅದಕ್ಕೆ ವೈಫೈ ಕಾಲಿಂಗ್ ಅಂತ ಒಂದು ಇದೆ, ಇದು ವಾಟ್ಸಾಪ್ ಕಾಲ್ ಅಲ್ಲ. ಫೋನಿನ ಸೆಟ್ಟಿಂಗಲ್ಲಿ ಸಿಮ್ ಇರೋ ಜಾಗದಲ್ಲಿ ಅದನ್ನ ಆನ್ ಮಾಡಿದರೆ, ನಮ್ಮ ಮಾಮೂಲಿ ನಂಬರಿನ ಕಾಲ್ ಟವರಿನ ಬದಲು ಮನೆಯ ವೈಫೈ ಮೂಲಕ ಹೋಗುತ್ತೆ, ಬರುತ್ತೆ. ಆ ಕಡೆಯವರ ಹತ್ತಿರ ಸ್ಮಾರ್ಟ್‌ಫೋನ್ ಇರಲೇಬೇಕು ಅಂತಿಲ್ಲ, ಲ್ಯಾಂಡ್‌ಲೈನಿಗೂ ಹೋಗುತ್ತೆ. ಬೇರೆ ಚಾರ್ಜ್ ಇಲ್ಲ. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಶುರುವಿಗೆ ಇದನ್ನ ತಂದವು. ನಮ್ಮಂಥ ಕಡೆ ಇನ್ನೊಂದು ಉಪಾಯ ಬೇಕಾಗುತ್ತೆ: ಫೋನು ಆ ಒಂದು ಕಡ್ಡಿ ಸಿಗ್ನಲ್ಲಿಗೇ ಜೋತು ಬಿದ್ದಿರುತ್ತೆ, ವೈಫೈಗೆ ಬರೋದೇ ಇಲ್ಲ. ಫ್ಲೈಟ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಆನ್ ಮಾಡಿದರೆ ಬೇರೆ ದಾರಿ ಇಲ್ಲದೆ ವೈಫೈ ಹಿಡಿಯುತ್ತೆ. ನಮ್ಮ ಮನೆಗೆ ಬ್ಯಾಂಕಿನ ಒಟಿಪಿ ಬರೋದೂ ಈಗ ಹೀಗೇ. ಸಿಗ್ನಲ್ ಹುಡುಕೋ ಕೆಲಸ ತಪ್ಪೋದರಿಂದ ಬ್ಯಾಟರಿಯೂ ಸಂಜೆ ತನಕ ನಿಲ್ಲುತ್ತೆ.

ಇದೆಲ್ಲ ನಿಂತಿರೋದು ಮನೆಗೆ ಎಳೆಸಿದ ಫೈಬರ್ ಇಂಟರ್‌ನೆಟ್ ಲೈನಿನ ಮೇಲೆ. ನಮ್ಮದು ಹಳೇ ಮನೆ, ಮಣ್ಣಿನ ದಪ್ಪ ಗೋಡೆ. ಒಳಕೋಣೆಯಲ್ಲಿ ರೂಟರ್ ಇಟ್ಟರೆ ಅಡುಗೆಮನೆಗೂ ವೈಫೈ ಬರ್ತಿರಲಿಲ್ಲ. ಜಗುಲಿ ಕಿಟಕಿಯ ಮೇಲೆ ಹಲಗೆ ಹೊಡೆದು ಅಲ್ಲಿಟ್ಟೆವು. ಹೆಸರಿನ ಮುಂದೆ 5ಜಿ ಅಂತ ತೋರಿಸೋ ವೈಫೈಗಿಂತ 2.4 ಗಿಗಾಹರ್ಟ್ಸಿನದ್ದು ಗೋಡೆ ದಾಟಿ ದೂರ ಹೋಗುತ್ತೆ. ಮಾತಿಗೆ ಆ ವೇಗ ಧಾರಾಳ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗೋದು ನಮ್ಮ ಕಡೆ ಮಾಮೂಲು. ದೊಡ್ಡ ಯುಪಿಎಸ್ ಇಲ್ಲದೋರು 12 ವೋಲ್ಟಿನ ಚಿಕ್ಕ ರೂಟರ್ ಯುಪಿಎಸ್ ತಗೊಂಡರೆ ಸಾಕು, ಅಂಗೈ ಅಗಲದ ಡಬ್ಬಿ, ಕೆಲವು ತಾಸು ರೂಟರ್ ನಡೆಸುತ್ತೆ. ತಗೊಳ್ಳೋ ಮೊದಲು ರೂಟರಿನ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. ಮರ ಬಿದ್ದು ಫೈಬರ್ರೇ ತುಂಡಾದರೆ ಮಾತ್ರ ಇದ್ಯಾವುದೂ ನಡೆಯೋದಿಲ್ಲ. ಆಗ ಏನು ಅನ್ನೋದಕ್ಕೆ ಆಮೇಲೆ ಬರ್ತೀನಿ.

ನಿಜವಾದ ಉಳಿತಾಯ ಇರೋದು ದುಬೈ ಮಾತಿನಲ್ಲಿ. ಮಾಮೂಲಿ ಪ್ಯಾಕಲ್ಲಿ ಐಎಸ್‌ಡಿ, ಅಂದರೆ ಹೊರದೇಶದ ಕಾಲ್, ಸೇರಿರೋದಿಲ್ಲ, ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತೆ. ಹಾಗಂತ ವಾಟ್ಸಾಪ್ ಕಾಲ್ ಮಾಡೋಣ ಅಂದರೆ ಯುಎಇಯಲ್ಲಿ ಅದು ನಡೆಯೋದಿಲ್ಲ. ಅಲ್ಲಿಯ ಟೆಲಿಕಾಂ ನಿಯಮದ ಪ್ರಕಾರ ಅನುಮತಿ ಸಿಕ್ಕ ಆ್ಯಪ್‌ಗಳಲ್ಲಿ ಮಾತ್ರ ಇಂಟರ್‌ನೆಟ್ ಕಾಲ್ ಮಾಡಬಹುದು. ವಾಟ್ಸಾಪಿನಲ್ಲಿ ಬರಹ, ಫೋಟೋ, ವಾಯ್ಸ್ ಮೆಸೇಜ್ ಎಲ್ಲಾ ಹೋಗುತ್ತೆ, ಕಾಲ್ ಮಾತ್ರ ಸೇರೋದಿಲ್ಲ. ಮಗಳು ಹೋದ ಹೊಸದರಲ್ಲಿ ಎಷ್ಟು ಸಲ ಒತ್ತಿದರೂ ‘ಕನೆಕ್ಟಿಂಗ್’ ಅಂತ ನಿಂತುಬಿಡ್ತಿತ್ತು, ಅತ್ತೆಗೆ ಅವಳಿಗೇನೋ ಆಗಿದೆ ಅಂತ ಗಾಬರಿ. ಈಗ ನಾವು ಬಳಸೋದು ಅಲ್ಲಿ ಅನುಮತಿ ಇರೋ ಬೋಟಿಮ್ ಅನ್ನೋ ಆ್ಯಪ್. ಎರಡೂ ಕಡೆ ಅದೇ ಆ್ಯಪ್ ಇರಬೇಕು, ಅಷ್ಟೇ. ಗೂಗಲ್ ಮೀಟ್, ಜೂಮ್ ಕೂಡ ಅಲ್ಲಿ ನಡೆಯುತ್ತೆ. ಮನೆಮಂದಿ ಎಲ್ಲಾ ಕೂತು ನೋಡಬೇಕಾದಾಗ ಮೀಟ್ ಲಿಂಕ್ ಕಳಿಸ್ತಾಳೆ. ಯಾವ ದೇಶದಿಂದ ಇಂಟರ್‌ನೆಟ್ ಬಳಸ್ತಿದ್ದೀವಿ ಅನ್ನೋದನ್ನ ಮರೆಮಾಡೋ ವಿಪಿಎನ್ ಹಾಕಿಕೊಂಡರೆ ವಾಟ್ಸಾಪ್ ಕಾಲೂ ಹೋಗುತ್ತೆ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಮಕ್ಕಳಿಗೆ ಆ ಬುದ್ಧಿ ಹೇಳಬೇಡಿ. ಅಲ್ಲಿಯ ಸೈಬರ್ ಕಾನೂನಿನಲ್ಲಿ ವಿಪಿಎನ್ ದುರ್ಬಳಕೆಗೆ ದಂಡ ಶುರುವಾಗೋದೇ 5 ಲಕ್ಷ ದಿರ್ಹಮ್‌ನಿಂದ. ದುಡಿಯೋಕೆ ಹೋದ ಮಗು ಅಮ್ಮನ ಹತ್ತಿರ ಮಾತಾಡೋಕೆ ಹೋಗಿ ಅಂಥದ್ದರಲ್ಲಿ ಸಿಕ್ಕಿಹಾಕಿಕೊಳ್ಳಬಾರದು.

ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವಳ ಡ್ಯೂಟಿ ಮುಗಿದು ರೂಮಿಗೆ ಬಂದು ಊಟ ಮಾಡೋ ಹೊತ್ತಿಗೆ ಇಲ್ಲಿ ಅತ್ತೆ ಮಲಗಿ ಒಂದು ನಿದ್ದೆ ಆಗಿರುತ್ತೆ. ನೈಟ್ ಡ್ಯೂಟಿ ಇದ್ದರೆ ಹಗಲೆಲ್ಲಾ ಅವಳು ಮಲಗಿರ್ತಾಳೆ. ಇಬ್ಬರೂ ಎದ್ದಿರೋ ಹೊತ್ತಿಗೆ ಕರೆಂಟು, ಫೈಬರ್ ಎರಡೂ ಇರಬೇಕು. ಕಾಲ್ ಮಾಡಲೇಬೇಕು ಅಂತ ಹಟ ಹಿಡಿದರೆ ವಾರಗಟ್ಟಲೆ ಮಾತೇ ಇರೋದಿಲ್ಲ. ನಮ್ಮ ಮನೆಯನ್ನ ಉಳಿಸಿದ್ದು ವಾಯ್ಸ್ ಮೆಸೇಜ್. ನನ್ನ ಕೇಳಿದರೆ ನಮ್ಮ ಮಲೆನಾಡಿಗೆ ಅಂತಲೇ ಮಾಡಿದ ಹಾಗಿದೆ ಅದು. ಕಾಲ್ ಆದರೆ ಮಾತಾಡೋ ಅಷ್ಟು ಹೊತ್ತೂ ಸಿಗ್ನಲ್ ಕಡಿಯದೆ ಇರಬೇಕು. ವಾಯ್ಸ್ ಮೆಸೇಜಿಗೆ ಸಿಗ್ನಲ್ ಯಾವಾಗ ಬಂದರೂ ಆಯಿತು. ಹಿಂದೆ ಅಂಚೆಯಣ್ಣನ ಕೈಗೆ ಕಾಗದ ಕೊಟ್ಟ ಹಾಗೆ, ಕೊಟ್ಟು ನಮ್ಮ ಕೆಲಸ ನೋಡಿಕೊಳ್ಳಬಹುದು.

ಅತ್ತೆಗೆ ಇದನ್ನ ಕಲಿಸಿದ್ದು ಹೀಗೆ. ಅವರಿಗೆ ಓದು ನಿಧಾನ, ಕಣ್ಣೂ ಮಂಜು. ಮಗಳ ಚಾಟನ್ನ ಪಿನ್ ಮಾಡಿ ಮೇಲೆ ಕೂರಿಸಿದೆ, ಅವಳ ನಂಬರಿಗೆ ಮದುವೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ತೆಗೆಸಿದ ಫೋಟೋ ಹಾಕಿದೆ. ಫೋಟೋ ಒತ್ತೋದು, ಕೆಳಗೆ ಮೂಲೆಯ ಮೈಕ್ ಹಿಡಿಯೋದು. ಕಷ್ಟ ಆಗಿದ್ದು ಇಲ್ಲೇ. ಮಾತಿನ ಭರದಲ್ಲಿ ಬೆರಳು ಸಡಿಲ ಆಗಿ ‘ಮಗಾ, ಇಲ್ಲಿ ಮಳೆ...’ ಅನ್ನೋಷ್ಟರಲ್ಲಿ ಮೆಸೇಜ್ ಹೊರಟುಹೋಗ್ತಿತ್ತು. ಮೈಕ್ ಒತ್ತಿ ಹಾಗೇ ಮೇಲಕ್ಕೆ ಸರಿಸಿದರೆ ಬೀಗದ ಗುರುತು ಬರುತ್ತೆ. ಆಮೇಲೆ ಬೆರಳು ತೆಗೆದರೂ ರೆಕಾರ್ಡ್ ಆಗ್ತಾ ಇರುತ್ತೆ, ಮುಗಿದ ಮೇಲೆ ಬಾಣ ಒತ್ತಿದರಾಯಿತು. ಹಸಿ ಕೈ, ಹೊಗೆಸೊಪ್ಪಿನ ಕೈ ಇದ್ದರೆ ಸ್ಕ್ರೀನ್ ಕೇಳೋದಿಲ್ಲ ಅನ್ನೋದು ಗೊತ್ತಾಗಿ ಸೆರಗಿಗೆ ಬೆರಳು ಒರೆಸಿಕೊಳ್ಳೋದು ಅಭ್ಯಾಸ ಆಯಿತು. ಈಗ ಫೋನನ್ನ ಎಲೆ ಅಡಿಕೆ ತಟ್ಟೆಗೆ ಒರಗಿಸಿ, ಅದರ ಎದುರು ಕೂತು ನಿಧಾನಕ್ಕೆ ಶುರು ಮಾಡ್ತಾರೆ: ‘ನಾವೆಲ್ಲಾ ಕ್ಷೇಮ. ನಿನ್ನೆ ರಾತ್ರಿ ಎರಡು ಇಂಚು ನಲವತ್ತು ಸೆಂಟ್ ಮಳೆ. ಗೌರಿ ಗಬ್ಬ ಇದೆ...’ ಗೌರಿ ಅಂದರೆ ಕೊಟ್ಟಿಗೆಯ ಹಸು. ಮಳೆ, ಹಸು, ಅಡಿಕೆ ಧಾರಣೆ, ಯಾರ ಮನೆಯಲ್ಲಿ ಏನು ಕಾರ್ಯ, ಎಲ್ಲಾ ಬರುತ್ತೆ. ಕಾಲ್‌ನಲ್ಲಾದರೆ ಅವರು ‘ಊಟ ಆಯ್ತಾ, ಇಡ್ಲಾ’ ಅನ್ನೋದು ಬಿಟ್ಟು ಏನೂ ಹೇಳ್ತಿರಲಿಲ್ಲ.

ಕಳಿಸಿದ್ದರ ಪಕ್ಕದ ಚಿಕ್ಕ ಮೈಕ್ ನೀಲಿ ಆದರೆ ಅವಳು ಕೇಳಿದಳು ಅಂತ ಅರ್ಥ. ಇದನ್ನ ಹೇಳಿಕೊಟ್ಟ ಮೇಲೆ ಅತ್ತೆ ಅಕ್ಷರ ಓದದೆಯೇ ಫೋನ್ ಓದ್ತಾರೆ. ಬೆಳಗ್ಗೆ ಕಾಫಿಗೆ ಮೊದಲು ಕನ್ನಡಕ ಹಾಕಿಕೊಂಡು ‘ನೀಲಿ ಆಗಿದೆ ನೋಡೇ’ ಅಂತ ನನಗೆ ತೋರಿಸ್ತಾರೆ. ಮಗಳು ಆ ಕಡೆಯಿಂದ ಬಸ್ಸಿನಲ್ಲಿ ಹೋಗ್ತಾ ಕೇಳ್ತಾಳಂತೆ. ಬೇರೆಯವರ ಮೆಸೇಜನ್ನ ಎರಡು ಪಟ್ಟು ವೇಗದಲ್ಲಿ ಓಡಿಸ್ತಾಳೆ, ‘ಅಜ್ಜಿದು ಮಾತ್ರ ಹಾಗೇ ಕೇಳ್ತೀನಮ್ಮ’ ಅಂದಳು.

ಡೇಟಾ ಲೆಕ್ಕವೂ ಹೇಳಿಬಿಡ್ತೀನಿ. ಮಾತಿನ ದನಿಗೆ ಸೆಕೆಂಡಿಗೆ 16ರಿಂದ 24 ಕಿಲೋಬಿಟ್ ಸಾಕಾಗುತ್ತೆ. ಆ ಲೆಕ್ಕದಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ 120ರಿಂದ 180 ಕೆಬಿ. ಒಂದು ಒಳ್ಳೇ ಫೋಟೋಕ್ಕಿಂತ ಕಡಿಮೆ. ಕಾಲ್ ಆದರೆ ಹೋಗೋದು, ಬರೋದು ಎರಡೂ ಸೇರಿ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ವಿಡಿಯೋ ಅದರ ಹತ್ತು ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ. ಸಿಗ್ನಲ್ ಕುಂಟುವಾಗ ವಿಡಿಯೋ ಆಫ್ ಮಾಡಿದರೆ ದನಿ ಸರಿಹೋಗೋದು ಇದಕ್ಕೇ. ವಾಟ್ಸಾಪ್ ಸೆಟ್ಟಿಂಗಲ್ಲಿ ಕಾಲ್‌ಗೆ ಕಡಿಮೆ ಡೇಟಾ ಬಳಸೋ ಆಯ್ಕೆ ಇದೆ, ಅದನ್ನ ಆನ್ ಮಾಡಿಡಿ. ಫೋಟೋ, ವಿಡಿಯೋ ತಾವಾಗೇ ಡೌನ್‌ಲೋಡ್ ಆಗೋದನ್ನ ನಿಲ್ಲಿಸಿ. ಮೊಬೈಲ್ ಡೇಟಾ ಖಾಲಿ ಮಾಡೋದು ಮಾತಲ್ಲ, ಗ್ರೂಪಿನಲ್ಲಿ ಬರೋ ಶುಭೋದಯದ ವಿಡಿಯೋಗಳು.

ಲೈನಿನ ಹುಡುಗರ ವಿಷಯ ನನಗೆ ಮನೆಯದ್ದರಷ್ಟೇ ಮುಖ್ಯ. ಸಾವಿರಾರು ಮೈಲಿ ದೂರದಿಂದ ಕಾಫಿ ಕುಯ್ಯೋಕೆ, ಔಷಧಿ ಹೊಡೆಯೋಕೆ ಬಂದವರು. ವಾರದ ಬಟವಾಡೆಯಲ್ಲಿ ರೀಚಾರ್ಜಿಗೆ ಅಂತ ಒಂದು ಪಾಲು ಹೋಗ್ತಿತ್ತು, ಆದರೂ ಮಾತಾಡೋಕೆ ಗುಡ್ಡ ಹತ್ತಬೇಕಿತ್ತು. ಕತ್ತಲಾದ ಮೇಲೆ, ಆನೆ ಓಡಾಟದ ಸುದ್ದಿ ಇರೋ ದಿನವೂ ಹತ್ತೋರು. ಹಳೇ ರೂಟರ್ ಒಂದು ಮನೆಯಲ್ಲಿತ್ತು. ಕಣದ ಶೆಡ್ಡಿನ ತನಕ ಕೇಬಲ್ ಎಳೆದು ಅದನ್ನ ಅಲ್ಲಿ ಕೂರಿಸಿದೆವು, ಪಾಸ್‌ವರ್ಡ್ ಕೊಟ್ಟೆವು. ನಮ್ಮ ಬಿಲ್ಲಿಗೆ ಒಂದು ರೂಪಾಯಿ ಹೆಚ್ಚಾಗಲಿಲ್ಲ. ತೋಟ ಇರೋರು ದಯವಿಟ್ಟು ಇದೊಂದು ಮಾಡಿ.

ಅವರಲ್ಲಿ ಒಬ್ಬನ ತಾಯಿಯ ಹತ್ತಿರ ಫೋನ್ ಇಲ್ಲ, ಪಕ್ಕದ ಮನೆಯವರದ್ದರಲ್ಲಿ ಮಾತು. ಜುಲೈಯಲ್ಲಿ ಇಲ್ಲಿ ಪುನರ್ವಸು ಮಳೆ ಹಿಡಿದಾಗ ಅಲ್ಲಿ ಬ್ರಹ್ಮಪುತ್ರದ ನೆರೆ. ಎರಡೂ ಕಡೆ ಕರೆಂಟಿಲ್ಲ. ಅವನು ವಾಯ್ಸ್ ಮೆಸೇಜ್ ಹೇಳಿಟ್ಟ. ಗಡಿಯಾರದ ಗುರುತು ಹೋಗಿ ಒಂದು ಟಿಕ್ ಬಂತು, ಎರಡನೇದು ಬರಲೇ ಇಲ್ಲ. ದಿನಾ ಸಂಜೆ ಬಂದು ‘ಅಕ್ಕ, ಹೋಗಿಲ್ಲ’ ಅನ್ನೋನು. ತಲುಪದ ಮೆಸೇಜನ್ನ ವಾಟ್ಸಾಪ್ 30 ದಿನ ತನ್ನ ಹತ್ತಿರ ಇಟ್ಟುಕೊಂಡಿರುತ್ತೆ, ಆ ಫೋನ್ ಯಾವತ್ತು ಆನ್ ಆದರೂ ಹೋಗುತ್ತೆ ಅಂತ ಹೇಳಿದೆ. ಹಾಗೇ ಆಯಿತು. ಅವರಮ್ಮನ ಉತ್ತರ ಬಂದಾಗ ಲೈನಿನವರೆಲ್ಲಾ ಸುತ್ತ ಕೂತು ಕೇಳಿದರು, ನಮಗೆ ಭಾಷೆ ಗೊತ್ತಿಲ್ಲದಿದ್ದರೂ ನಾನೂ ಅತ್ತೆಯೂ ಕೂತೆವು.

ವೈಫೈ ಇದೆ ಅಂತ ಸಿಮ್ಮನ್ನೇ ಸಾಯೋಕೆ ಬಿಡಬೇಡಿ ಅಂತ ಅವರಿಗೂ ಹೇಳಿದ್ದೀನಿ. ನಂಬರು ನಿಂತುಹೋಗಿ ಬೇರೆಯವರಿಗೆ ಸಿಕ್ಕಿದರೆ ವಾಟ್ಸಾಪೂ ಅವರ ಪಾಲಾಗಬಹುದು.

ಎಲ್ಲರ ಫೋನಲ್ಲೂ ಮಾಡಿಸಿರೋ ಎರಡು ಕೆಲಸ: ಬೇರೆ ಫೋನಲ್ಲಿ ನಮ್ಮ ವಾಟ್ಸಾಪ್ ತೆರೆಯೋಕೆ ಹೋದರೆ ಕೇಳೋ ಆರು ಅಂಕಿಯ ಟೂ ಸ್ಟೆಪ್ ಪಿನ್, ಮತ್ತೆ ಗೊತ್ತಿಲ್ಲದ ನಂಬರಿನ ವಾಟ್ಸಾಪ್ ಕಾಲ್ ರಿಂಗ್ ಆಗದ ಹಾಗೆ ಮಾಡೋ ಆಯ್ಕೆ, 2023ರಲ್ಲಿ ಬಂದದ್ದು. ಪೊಲೀಸ್ ವೇಷ ಹಾಕಿ ವಿಡಿಯೋದಲ್ಲಿ ಹೆದರಿಸಿ ದುಡ್ಡು ಕೀಳೋರು ಹೆಚ್ಚಾಗಿ ಈ ದಾರಿಯಲ್ಲೇ ಬರೋದು. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಇನ್ನು ಫೈಬರ್ ತುಂಡಾದ ದಿನ. ಅವತ್ತೂ ಎಲ್ಲರೂ ಮೆಸೇಜ್ ಹೇಳಿಡ್ತಾರೆ. ಮಾರನೇ ದಿನ ಹಾಲು ಹಾಕೋಕೆ ಹೋಗೋರು ಯಾರಾದರೂ ಆ ಫೋನುಗಳನ್ನ ಚೀಲದಲ್ಲಿ ಹಾಕಿಕೊಂಡು ಹೋಗ್ತಾರೆ. ಡೇಟಾ ಇರೋ ಒಂದು ಫೋನಿನ ಹಾಟ್‌ಸ್ಪಾಟ್ ಹಾಕಿದರೆ ರಸ್ತೆ ಬದಿಯಲ್ಲಿ ಎಲ್ಲಾ ಮೆಸೇಜೂ ತಾವಾಗೇ ಹೋಗಿ, ಬರಬೇಕಾದ್ದು ಬಂದು ಇಳಿಯುತ್ತೆ. ಆದರೆ ಜ್ವರ, ಹಾವು ಕಡಿತ, ಬಿದ್ದು ಪೆಟ್ಟು ಇಂಥದ್ದಕ್ಕೆ ಇದ್ಯಾವುದನ್ನೂ ನಂಬಿ ಕೂರೋ ಹಾಗಿಲ್ಲ. ವಾಟ್ಸಾಪಿನಿಂದ ಆಂಬ್ಯುಲೆನ್ಸಿನ 108ಕ್ಕಾಗಲಿ ತುರ್ತು ಸಹಾಯದ 112ಕ್ಕಾಗಲಿ ಕಾಲ್ ಹೋಗೋದಿಲ್ಲ. ನಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ಟವರ್ ಸಿಕ್ಕಿದರೆ 112 ಮಾತ್ರ ಹೋಗುತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಯಜಮಾನರ ಬಟನ್ ಫೋನಲ್ಲಿ ನಮ್ಮದಲ್ಲದ ಇನ್ನೊಂದು ಕಂಪನಿಯ ಸಿಮ್ ಕೂಡ ಇದೆ. ರಾತ್ರಿ ಅದು ಚಾರ್ಜ್ ಆಗಿ ಬಾಗಿಲ ಪಕ್ಕದ ಗೂಡಿನಲ್ಲಿರಬೇಕು, ಅಂಗಳದಲ್ಲಿ ಯಾವ ಜಾಗದಲ್ಲಿ ನಿಂತರೆ ಕಾಲ್ ಹೋಗುತ್ತೆ ಅಂತ ಮನೆಯ ಎಲ್ಲರಿಗೂ, ಲೈನಿನ ಮಕ್ಕಳಿಗೂ ಗೊತ್ತಿರಬೇಕು.