ಹೆವಿ ಲಾರಿ ಡ್ರೈವರ್ ಆಗಬೇಕಾ? ಶುರು ಮಾಡುವುದು ಹೀಗೆ

ಹೆವಿ ಲೈಸೆನ್ಸ್ ಕೈಗೆ ಬಂದ ವಾರವೇ ಹನ್ನೆರಡು ಚಕ್ರದ ಲಾರಿ ಕೀ ಕೊಡುವ ಮಾಲೀಕರು ಸಿಕ್ಕರೆ ಸ್ವಲ್ಪ ಅನುಮಾನ ಪಡಿ. ಲೈಸೆನ್ಸ್ ಈ ಕೆಲಸದ ಸುಲಭದ ಭಾಗ. ಪಕ್ಕದ ಸೀಟಿನಲ್ಲಿ ಕೂತು ಕಲಿಯುವುದಕ್ಕೂ ಕೆಲವು ತಿಂಗಳು ಇಟ್ಟುಕೊಂಡೇ ಇಳಿಯಬೇಕು.

ಮೊದಲು ಕಾರಿನ ಲೈಸೆನ್ಸ್

ನೇರವಾಗಿ ಹೆವಿಗೆ ಅರ್ಜಿ ಹಾಕಲು ಬರುವುದಿಲ್ಲ. ಎಲ್‌ಎಂವಿ (ಕಾರಿನಂಥ ಹಗುರ ವಾಹನದ) ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. ಎಲ್‌ಎಂವಿ 18ಕ್ಕೇ ಸಿಗುವುದರಿಂದ ಅದನ್ನು ಬೇಗ ಮಾಡಿಸಿಟ್ಟುಕೊಳ್ಳಿ. ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ನಿಯಮ 2019ರಲ್ಲೇ ಹೋಯಿತು. ಮಾರ್ಕ್ಸ್ ಕಾರ್ಡ್ ಇಲ್ಲವೆಂದು ಸುಮ್ನೆ ಹಿಂಜರಿಯಬೇಡಿ.

20 ದಾಟಿದ ಮೇಲೆ ಈ ದಾರಿಗೆ ಬಂದವರು ಆ ಒಂದು ವರ್ಷ ಖಾಲಿ ಕೂರಬೇಕಾಗಿಲ್ಲ. ಲೋಡ್ ಸೇರಿ ಒಟ್ಟು ತೂಕ 7,500 ಕೆ.ಜಿ. ಮೀರದ ಗೂಡ್ಸ್ ಗಾಡಿಯನ್ನು ಎಲ್‌ಎಂವಿಯಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಟಾಟಾ ಏಸ್, 407 ಎಲ್ಲ ಇದರೊಳಗೇ ಬರುತ್ತವೆ. ಲೋಡ್ ಹೊತ್ತ ಗಾಡಿ ಬ್ರೇಕಿಗೆ ಎಷ್ಟು ದೂರ ಹೋಗಿ ನಿಲ್ಲುತ್ತದೆ ಅನ್ನುವುದು ಅಲ್ಲೇ ಅರ್ಥವಾಗುತ್ತದೆ.

ಎಲ್‌ಎಲ್, ತರಬೇತಿ, ಟೆಸ್ಟ್

ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಅರ್ಜಿ ಹಾಕಿ. ವೈದ್ಯರ ಸಹಿ ಇರುವ ಫಾರಂ 1ಎ (ವೈದ್ಯಕೀಯ ಸರ್ಟಿಫಿಕೇಟ್) ಜೊತೆಗಿರಲಿ. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಟೆಸ್ಟ್‌ಗೆ ಹೋಗಬಹುದು.

ಟೆಸ್ಟ್‌ಗೆ ಡ್ರೈವಿಂಗ್ ಸ್ಕೂಲಿನ ಫಾರಂ 5, ಅಂದರೆ ತರಬೇತಿ ಸರ್ಟಿಫಿಕೇಟ್, ಬೇಕು. ನಿಯಮದ ಪ್ರಕಾರ ಇದಕ್ಕೆ ಕನಿಷ್ಠ 30 ದಿನದ ತರಬೇತಿ, ಅದರಲ್ಲಿ 15 ಗಂಟೆ ಗಾಡಿ ಓಡಿಸಿರಬೇಕು. ‘ನೀವು ಬರೋದೇ ಬೇಡ, ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ’ ಎನ್ನುವವರು ಸಿಕ್ಕರೆ ದೂರ ಇರಿ. ಕಲಿಯಬೇಕಾದ್ದನ್ನೇ ಬಿಟ್ಟು ದುಡ್ಡು ಕೊಡುವುದು ಯಾವ ಲಾಭಕ್ಕೆ? ಸೇರುವ ಮೊದಲು ಒಂದು ಪ್ರಶ್ನೆ ಕೇಳಿ: ಕಲಿಸುವ ಗಾಡಿಗೆ ಏರ್ ಬ್ರೇಕ್ (ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕ್) ಇದೆಯಾ? ಸಾರಿಗೆ ನಿಗಮಗಳ ಚಾಲಕ ತರಬೇತಿ ಕೇಂದ್ರಗಳಲ್ಲೂ ವಿಚಾರಿಸಬಹುದು. ಮಳವಳ್ಳಿ, ಹುಮನಾಬಾದ್‌ನಲ್ಲಿ ಇವೆ.

ಪಕ್ಕದ ಸೀಟಿನ ಪಾಠ

ಈಗ ಒಬ್ಬ ಹಳೆಯ ಡ್ರೈವರ್ ಜೊತೆ ಕ್ಲೀನರ್ ಆಗಿಯೋ ಸೆಕೆಂಡ್ ಡ್ರೈವರ್ ಆಗಿಯೋ ಹೊರಡಿ. ಬೆಂಗಳೂರಿನ ಯಶವಂತಪುರ ಎಪಿಎಂಸಿ, ನೆಲಮಂಗಲ ಸುತ್ತಮುತ್ತ ಟ್ರಾನ್ಸ್‌ಪೋರ್ಟ್ ಆಫೀಸುಗಳು ಜಾಸ್ತಿ. ಗುರುತಿನವರೊಬ್ಬರು ಹೇಳಿದರೆ ಕೆಲಸ ಬೇಗ ಸಿಗುತ್ತದೆ.

ಬೆಳಗ್ಗೆ ಗಾಡಿ ಸುತ್ತ ಒಂದು ಸುತ್ತು ಹಾಕುವುದರಿಂದ ಶುರು. ರಾಡ್‌ನಲ್ಲಿ ಟೈರ್ ತಟ್ಟಿ ಸದ್ದು ಕೇಳಬೇಕು, ಗಾಳಿ ಇಳಿದ ಟೈರ್ ಮಂಕಾಗಿ ಸದ್ದು ಮಾಡುತ್ತದೆ. ಜೋಡಿ ಟೈರ್ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೆ ತೆಗೆಯಬೇಕು. ಬ್ರೇಕಿನ ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಬಿಡಬೇಕು. ಪ್ರೆಶರ್ ಪೂರ್ತಿ ಏರುವವರೆಗೆ ಗಾಡಿ ಕದಲಿಸಬಾರದು. ಹಗ್ಗ, ಟಾರ್ಪಾಲು ಕಟ್ಟುವುದನ್ನೂ ಕೈಯಾರೆ ಕಲಿಯಿರಿ. ಸಡಿಲ ಲೋಡು ತಿರುವಿನಲ್ಲಿ ಗಾಡಿಯನ್ನೇ ಎಳೆದು ಮಗುಚಿಸುತ್ತದೆ.

ದೊಡ್ಡ ಪರೀಕ್ಷೆ ಘಾಟಿ ಇಳಿಯುವುದು. ಸಕಲೇಶಪುರದಿಂದ ಮಂಗಳೂರು ಕಡೆ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಬ್ರೇಕ್ ಲೈನರ್ ಕಾದು ಹಿಡಿತ ಹೋಗುತ್ತದೆ. ಆಮೇಲೆ ಎಷ್ಟು ತುಳಿದರೂ ಅಷ್ಟೇ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎನ್ನುವುದು ಹಳಬರ ಲೆಕ್ಕ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಕ್ಸಾಸ್ಟ್ ಬ್ರೇಕ್ (ಎಂಜಿನ್ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಹಾಕಿ, ಕಾಲಿನ ಬ್ರೇಕನ್ನು ಆಗಾಗ ಮಾತ್ರ ಮುಟ್ಟಿ. ಡೀಸೆಲ್ ಉಳಿಸುತ್ತೇನೆಂದು ನ್ಯೂಟ್ರಲ್ ಮಾಡುವವರ ಗಾಡಿಯಿಂದ ಇಳಿದು ಬಸ್ಸಲ್ಲಿ ಬನ್ನಿ. ನಿಜವಾಗಿಯೂ ಹೇಳುತ್ತಿದ್ದೇನೆ.

ಮಾಲೀಕರ ಜೊತೆ ಮಾತು

ತಿಂಗಳ ಸಂಬಳವಾ, ಟ್ರಿಪ್ ಲೆಕ್ಕವಾ? ಬಾಟಾ (ದಿನದ ಊಟ-ತಿಂಡಿ ಭತ್ಯೆ) ಎಷ್ಟು? ಟೋಲ್, ಪಂಚರ್, ಲೋಡಿಂಗ್ ಖರ್ಚು ಯಾರದು? ಎಲ್ಲ ಮೊದಲೇ ಕೇಳಿ.

ಓವರ್‌ಲೋಡ್ ವಿಷಯ ಇನ್ನೂ ಮುಖ್ಯ. ಹತ್ತು ಚಕ್ರದ ಲಾರಿಗೆ ಗಾಡಿಯೂ ಸೇರಿ 28.5 ಟನ್ ಮಿತಿ. ಮೀರಿದರೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ರಸ್ತೆಯಲ್ಲಿ ಸಿಕ್ಕಿಬೀಳುವುದು ನೀವು, ಆಫೀಸಿನಲ್ಲಿ ಕೂತವರಲ್ಲ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಪರ್ಮಿಟ್ ನೋಡದೆ ಕೀ ತಿರುಗಿಸಬೇಡಿ. ಸರಕಿನ ಇ-ವೇ ಬಿಲ್‌ನ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಅವಧಿಯನ್ನೂ ನೋಡಿ, ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ.

ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಲಾಂಗ್ ಲೈನಿನಲ್ಲಿ (ದೂರದ ಟ್ರಿಪ್‌ಗಳಲ್ಲಿ) ಇಂಥ ನಿಯಮ ಎಷ್ಟು ನಡೆಯುತ್ತದೆ ಎಂದು ಯಾವ ಡ್ರೈವರ್‌ನನ್ನಾದರೂ ಕೇಳಿ, ನಕ್ಕುಬಿಡುತ್ತಾನೆ. ಆದರೂ ಬೆಳಗಿನ ಜಾವ ಕಣ್ಣು ಎಳೆದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಿ. ಲೋಡು ತಡವಾಗಿ ಮುಟ್ಟಿದರೆ ಬೈಗುಳ ತಿನ್ನಬೇಕಾಗಬಹುದು, ಅಷ್ಟೇ ಅಲ್ವಾ?

ಹೆವಿ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮುಂದೆ ಪೆಟ್ರೋಲ್, ಗ್ಯಾಸ್ ಟ್ಯಾಂಕರ್‌ಗೆ ಹೋಗುವ ಮನಸ್ಸಿದ್ದರೆ ಅಪಾಯಕಾರಿ ಸರಕಿನ 3 ದಿನದ ಕೋರ್ಸ್ ಮಾಡಿ ಲೈಸೆನ್ಸ್‌ನಲ್ಲಿ ನಮೂದಿಸಿಕೊಳ್ಳಬೇಕು. ಆ ಅನುಮತಿ 3 ವರ್ಷಕ್ಕಷ್ಟೇ.