ನನ್ನ ನಾಯಕಿಗೆ ಗೆಳತಿ ಸಿಕ್ಕಿದ್ದು ಹೇಗೆ

ಒಂಟಿ ಹೆಂಗಸರಿಗೆ ಗೆಳೆತನ ಸಿಗುವ, ಓದಿ ಮುಗಿಸಿದಾಗ ಮನಸ್ಸು ಹಗುರಾಗುವ ಕಾದಂಬರಿಗಳು ಅಂದ್ರೆ ನನಗೆ ಪ್ರಾಣ. ಅಂಥದ್ದೊಂದನ್ನು ನಾನೇ ಬರೆಯಲು ಕೂತಾಗ ಒಂದು ಪ್ರಶ್ನೆ ಬಿಡದೆ ಕಾಡಿತು. ಯಾರ ಜೊತೆಯೂ ಬೆರೆಯದ ಹೆಂಗಸಿಗೆ ಮೊದಲ ಗೆಳತಿ ಸಿಗುವುದಾದರೂ ಹೇಗೆ?

ಉತ್ತರಕ್ಕೆ ಇಷ್ಟದ ಪುಸ್ತಕಗಳನ್ನೇ ಮತ್ತೆ ತೆಗೆದೆ. ಎಲಿಜಬೆತ್ ಫಾನ್ ಆರ್ನಿಮ್ ಅವರ ‘ದಿ ಎನ್‌ಚಾಂಟೆಡ್ ಏಪ್ರಿಲ್’ ಬಂದದ್ದು 1922ರಲ್ಲಿ. ಇಟಲಿಯ ಕೋಟೆಯೊಂದು ತಿಂಗಳ ಮಟ್ಟಿಗೆ ಬಾಡಿಗೆಗಿದೆ ಎಂಬ ಜಾಹೀರಾತನ್ನು ಲಂಡನ್ನಿನ ಇಬ್ಬರು ಹೆಂಗಸರು ನೋಡುತ್ತಾರೆ. ಖರ್ಚು ಹಂಚಿಕೊಳ್ಳಲು ಇನ್ನಿಬ್ಬರನ್ನು ಸೇರಿಸಿಕೊಳ್ಳುತ್ತಾರೆ. ಅಷ್ಟೇ ನೋಡಿ, ನಾಲ್ವರು ಒಂದೆಡೆ ಸೇರಲು ಕಾರಣ! ಗೇಲ್ ಹನಿಮನ್ ಅವರ 2017ರ ‘ಎಲಿನರ್ ಆಲಿಫಂಟ್ ಈಸ್ ಕಂಪ್ಲೀಟ್ಲಿ ಫೈನ್’ನಲ್ಲಿ ಎಲಿನರ್ ಮತ್ತು ಅವಳ ಆಫೀಸಿನ ರೇಮಂಡ್ ಹತ್ತಿರವಾಗುವುದು, ರಸ್ತೆಯಲ್ಲಿ ಕುಸಿದುಬಿದ್ದ ಮುದುಕರೊಬ್ಬರಿಗೆ ಇಬ್ಬರೂ ನೆರವಾದ ಮೇಲೆ. ಎರಡರಲ್ಲೂ ಮೊದಲು ಒಂದು ಕೆಲಸ ಬರುತ್ತದೆ. ಮನಸ್ಸು ಬಿಚ್ಚುವ ಮಾತು ಎಷ್ಟೋ ಆಮೇಲೆ.

ಹಾಗಾಗಿ ನನ್ನ ಕಥೆಯಲ್ಲೂ ಇಬ್ಬರ ಕೈಗೆ ಒಂದು ಕೆಲಸ ಕೊಟ್ಟೆ. ಮೇಲಿನ ಮನೆಯಾಕೆ ಹಳೇ ಬೀರು ಇಳಿಸುತ್ತಿದ್ದಾಳೆ. ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿದೆ. ಕೆಳಗಿಂದ ಹತ್ತಿ ಬರುತ್ತಿರುವ ನನ್ನ ನಾಯಕಿಗೆ ದಾರಿಯಿಲ್ಲ. ‘ರೀ, ನಿಮ್ಮ ಕಡೆ ಸ್ವಲ್ಪ ಎತ್ತಿ... ಸಾಕು ಸಾಕು, ಈಗ ಗೋಡೆ ಕಡೆ ತಿರುಗಿಸಿ.’ ಒಂದೇ ಕಟ್ಟಡದಲ್ಲಿದ್ದೂ ಅವರು ಆಡಿದ ಮೊದಲ ಮಾತು ಇದು. ಬೀರು ಇಳಿಯುವ ಹೊತ್ತಿಗೆ ಒಬ್ಬಳ ಬೆರಳು ತರಚಿದೆ, ಇನ್ನೊಬ್ಬಳು ಬ್ಯಾಂಡೇಜ್ ಹುಡುಕುತ್ತಿದ್ದಾಳೆ. ಹೆಸರು ಕೇಳುವುದು ಇಬ್ಬರಿಗೂ ಮರೆತಿದೆ.

ಆದರೆ ಈ ದೃಶ್ಯ ಓದುಗರಿಗೆ ತಟ್ಟಬೇಕಾದರೆ ಅದಕ್ಕೆ ಮೊದಲಿನ ಒಂಟಿತನ ಗಟ್ಟಿಯಾಗಿರಬೇಕು. ‘ಅವಳಿಗೆ ತುಂಬಾ ಬೇಜಾರು’ ಅಂತ ಸುಮ್ನೆ ಹೇಳಿದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ನಾನು ಅವಳ ದಿನವನ್ನೇ ಬರೆದೆ. ಯಾರದ್ದಾದರೂ ಧ್ವನಿ ಕೇಳಲಿ ಅಂತ ಟಿವಿ ಹಾಕಿಟ್ಟಿರುತ್ತಾಳೆ. ರಾಂಗ್ ನಂಬರ್ ಬಂದರೂ ತಕ್ಷಣ ಫೋನ್ ಇಡುವುದಿಲ್ಲ. ರಜೆ ಮುಗಿದು ಕೆಲಸಕ್ಕೆ ಹೋದ ಬೆಳಗ್ಗೆ ಅವಳ ಗಂಟಲಿಂದ ಮಾತೇ ಸರಿಯಾಗಿ ಹೊರಡುವುದಿಲ್ಲ. ಒಬ್ಬರೇ ಇರುವವರಿಗೆ ಇದು ಗೊತ್ತಿರುತ್ತೆ, ಅಲ್ವಾ?

ಮದುವೆ, ಪ್ರೇಮ ತಂದು ಕಥೆ ಮುಗಿಸಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಅದು ಬಂದರೆ ಗೆಳತಿಯರು ಮದುವೆಮನೆಯ ಅತಿಥಿಗಳಾಗಿಬಿಡುತ್ತಾರೆ. ಗುಂಪಿನಲ್ಲಿ ಒಬ್ಬ ಸಿಡುಕಿಯೂ ಬೇಕು. ಎಲ್ಲರೂ ಒಳ್ಳೆಯವರೇ ಆದರೆ ಅದು ನಿಜವಾದ ಗುಂಪು ಅನ್ನಿಸುವುದಿಲ್ಲ.

ಕರಡನ್ನು ಒಂಟಿಯಾಗಿ ಬದುಕುವ ಹಿರಿಯರೊಬ್ಬರಿಗೆ ಓದಲು ಕೊಟ್ಟೆ. ಅವರು ಭಾಷೆ, ಶೈಲಿ ಅಂತ ಏನೂ ಹೇಳಲಿಲ್ಲ. ‘ಅವಳಿಗೆ ಜ್ವರ ಬಂದಾಗ ಎಲ್ರೂ ಬಂದ್ರು, ಸಂತೋಷ. ಅವಳು ಯಾರಿಗೆ ಬೇಕಾದಳು?’ ಅಂತ ಕೇಳಿದರು. ಆ ಪ್ರಶ್ನೆಯಿಂದಲೇ ಹೊಸ ಅಧ್ಯಾಯ ಹುಟ್ಟಿತು. ಮೇಲಿನ ಮನೆಯಾಕೆ ಊರಿಗೆ ಹೊರಡುವಾಗ ಬೀಗದ ಕೈ ಕೊಟ್ಟು, ತನ್ನ ವಯಸ್ಸಾದ ತಾಯಿಗೆ ರಾತ್ರಿ ಹೊತ್ತು ಮಾತ್ರೆ ಕೊಡುವ ಕೆಲಸವನ್ನು ನನ್ನ ನಾಯಕಿಗೆ ಒಪ್ಪಿಸುತ್ತಾಳೆ. ಇಡೀ ಕಾದಂಬರಿಯಲ್ಲಿ ನಾನು ಜಾಸ್ತಿ ಖುಷಿಯಿಂದ ಬರೆದ ಅಧ್ಯಾಯ ಅದು.